ಗುಬ್ಬಿಯ ಸೀಟಿನಲ್ಲಿ ಕುಕ್ಕರ್

ಎಂಟು ತಿಂಗಳ ಕೂಸೊಂದನ್ನು ವಿಮಾನದಲ್ಲಿ ಕರೆದೊಯ್ಯುವ ಮಾತು ಬಂದರೆ ಒಂದು ಮನೆಯಲ್ಲಿ ಇಷ್ಟು ಬಾಯಿಗಳು ಏಳುತ್ತವೆಂದು ಸೊಸೆ ಎಣಿಸಿರಲಿಲ್ಲ. ಎದ್ದದ್ದು ಊಟದ ಮೇಜಿನಲ್ಲಿ, ಅದೂ ಗಂಡ ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಿದ್ದಾಗ.

"ಕಾರ್ ಸೀಟನ್ನೂ ಹೊತ್ಕೊಂಡು ಹೋಗ್ಬೇಕಂತೆ," ಅಂದರು ಅತ್ತೆ, ತಟ್ಟೆಯ ಕಡೆ ನೋಡುತ್ತ. "ನಾನು ಇಬ್ಬರನ್ನ ಸಾಕಿದೆ. ಬಸ್ಸಿಗೂ ಮಡಿಲು, ರೈಲಿಗೂ ಮಡಿಲು. ಇಬ್ಬರೂ ಕಲ್ಲುಗುಂಡಿನ ಹಾಗೆ ಇದಾರೆ."

"ಒಬ್ಬರು ಇಲ್ಲೇ ಇದಾರಲ್ಲ ಅತ್ತೆ, ನೋಡ್ತಾ ಇದೀನಿ," ಅಂದಳು ಸೊಸೆ. "ಅಲ್ಲಿ ಇಳಿದ ಮೇಲೆ ನಾದಿನಿ ಮನೆಗೆ ಘಾಟಿ ರಸ್ತೇಲಿ ನಾಲ್ಕು ಗಂಟೆ ಕಾರಲ್ಲಿ ಹೋಗ್ಬೇಕು. ಗುಬ್ಬೀನ ನಾನು ಮಡಿಲಲ್ಲಿ ಇಟ್ಕೊಂಡು ಹೋಗಲ್ಲ."

ಗುಬ್ಬಿ ಎಂದರೆ ಮಗು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಮಾವ ಇಟ್ಟ ಹೆಸರು. ಈಗ ಅವಳು ಎತ್ತರದ ಕುರ್ಚಿಯಲ್ಲಿ ಕೂತು ಚಮಚದಿಂದ ಮೇಜಿಗೆ ಬಡಿಯುತ್ತಿದ್ದಳು, ತನ್ನ ವಿಚಾರಣೆ ತಾನೇ ನಡೆಸುವವಳಂತೆ.

ಅತ್ತೆಯ ಮಗಳು ದೂರದೂರಿನಲ್ಲಿ ಹೊಸ ಮನೆ ಮಾಡಿದ್ದಳು. ಅತ್ತೆ ಅದನ್ನಿನ್ನೂ ನೋಡಿರಲಿಲ್ಲ. ಅವರ ಆಸೆ ನ್ಯಾಯವಾದದ್ದೇ, ಸೊಸೆಗೂ ಅದರಲ್ಲಿ ಎರಡು ಮಾತಿರಲಿಲ್ಲ. ಅವಳು ಕೇಳಿದ್ದು ಇಷ್ಟೇ: ಮಗುವಿಗೂ ಒಂದು ಟಿಕೆಟ್ ತೆಗೆಯೋಣ, ಕಾರ್ ಸೀಟನ್ನು ವಿಮಾನದ ಆಸನದ ಮೇಲೇ ಬಿಗಿಯೋಣ, ಮಗು ಅಲ್ಲೂ ಅದರಲ್ಲೇ ಕೂರಲಿ, ಇಳಿದ ಮೇಲೆ ಕಾರಿನಲ್ಲೂ ಅದರಲ್ಲೇ ಕೂರಲಿ.

"ಮಡಿಲಲ್ಲಿ ಕೂರೋ ಮಗೂಗೆ ಪೂರ್ತಿ ಟಿಕೆಟ್ಟಾ?" ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದ ಗಂಡ ನಕ್ಕ. "ಅವಳಿಗೆ ಕಿಟಕಿ ಪಕ್ಕದ್ದೇ ಬೇಕಂತಾ?"

"ಹಂಗಾದ್ರೆ ಸೀಟನ್ನ ವಿಮಾನದ ಬಾಗಿಲ ತನಕ ನಾವೇ ಎತ್ಕೊಂಡು ಹೋಗೋಣ ರೀ. ಬಾಗಿಲಲ್ಲಿ ಕೊಟ್ಟರೆ ಕೈಯಿಂದ ಕೈಗೆ ತಗೊಂಡು ಇಡ್ತಾರೆ. ಸಾಮಾನಿನ ಜೊತೆ ಹಾಕಿದ್ರೆ ಎಸೀತಾರೆ."

"ಆಯ್ತು, ಬಾಗಿಲ ತನಕ," ಅಂದ ಗಂಡ, ಅನ್ನಕ್ಕೆ ಕೈ ಹಾಕುತ್ತ. ಅವನು ಊಟದ ಹೊತ್ತಿನಲ್ಲಿ ಯಾವ ಮಾತಿಗೂ ಒಪ್ಪುತ್ತಿದ್ದ. ಅದೇ ಅವನ ದೋಷ.

ಮಾವ ಉಂಡು ಎದ್ದರು. ಅವರು ಪೀಠೋಪಕರಣ ರಿಪೇರಿಯವರು. ಅಂಗಡಿ ಮುಚ್ಚಿ ವರ್ಷಗಳಾದರೂ ಕೈ ಮುಚ್ಚಿರಲಿಲ್ಲ. ಆ ಮನೆಯಲ್ಲಿ ಅವರ ಅಂಟು ಕಾಣದ ಕುರ್ಚಿಯಿಲ್ಲ, ಅವರ ಮೊಳೆ ತಾಗದ ಕಾಲಿಲ್ಲ, ಅವರ ತೇಪೆ ಹತ್ತದ ಬಕೆಟ್ಟಿಲ್ಲ. ಮುರಿದದ್ದನ್ನು ಎಸೆಯುವುದೆಂದರೆ ಅವರಿಗೆ ಬದುಕಿದ್ದ ಜೀವವನ್ನು ಹೂತಂತೆ. ಸೀಟು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು, ಅದರೊಳಗಿನ ಥರ್ಮೋಕೋಲಿನ ಅಚ್ಚಿನ ಸಮೇತ, ಅವರು ಆಗಲೇ ಕೊಯ್ದು ತಮ್ಮ ಹತ್ಯಾರದ ಕಪಾಟಿಗೆ ಖಾನೆಗಳನ್ನು ಮಾಡಿಕೊಂಡಿದ್ದರು. ಹಾಗಾಗಿ ಸೊಸೆ ದಪ್ಪ ಬಟ್ಟೆಯ ಚೀಲವೊಂದನ್ನು ತಂದು, ಸೀಟಿನ ಸುತ್ತ ಟವೆಲುಗಳನ್ನು ತುರುಕಿ, ಜಿಪ್ಪೆಳೆದು ಇಟ್ಟಳು.

ಮಾವ ಮನೆ ಕಾಯಲು ಉಳಿದರು. ಹೊರಡುವ ದಿನ ಗಂಡ ಆ ಚೀಲವನ್ನೆತ್ತಿ ಹೆಗಲಿಗೇರಿಸಿ "ಉಸ್ಸಪ್ಪಾ" ಅಂದಾಗ, ಸೊಸೆ ಅವನ ಸೋಮಾರಿತನಕ್ಕೆ ಮೂಗು ಮುರಿದಳೇ ಹೊರತು ಚೀಲವನ್ನು ಅನುಮಾನಿಸಲಿಲ್ಲ.

ನಿಲ್ದಾಣದಲ್ಲಿ ಗುಬ್ಬಿ ಹಾಲಿಗೆ ಅತ್ತಳು. ತಾಯಂದಿರ ಕೋಣೆಯಲ್ಲಿ ಹಾಲೂಡಿಸಿ ಹೊರಬಂದರೆ, ಗಂಡನ ಹೆಗಲು ಬರಿದಾಗಿತ್ತು.

"ಸೀಟೆಲ್ಲಿ?"

"ಕೌಂಟರಲ್ಲಿ ಕೊಟ್ವಿ. ಮಗೂ ಸಾಮಾನಿಗೆ ಕಾಸು ತಗೊಳ್ಳಲ್ವಂತೆ, ತೂಕಾನೂ ನೋಡಲ್ವಂತೆ," ಅಂದರು ಅತ್ತೆ, ತಾವೇ ಗೆದ್ದುಕೊಂಡು ಬಂದ ದನಿಯಲ್ಲಿ. "ಕೆಂಪು ಚೀಟಿ ಬೇರೆ ಅಂಟಿಸಿದಾರೆ, 'ನಾಜೂಕು' ಅಂತ. ಹೂವಿನ ಹಾಗೆ ಇಳಿಸ್ತಾರೆ ಬಿಡು."

"ಬಾಗಿಲ ತನಕ ಅಂತ ಒಪ್ಕೊಂಡಿದ್ರಿ!" ಸೊಸೆ ಗಂಡನ ಕಡೆ ತಿರುಗಿದಳು.

"ತಪಾಸಣೇಲಿ ಸುಮ್ನೆ ತರಲೆ ಆಗೋದು ಕಣೇ," ಅಂದ ಅವನು ಅತ್ತಿತ್ತ ನೋಡುತ್ತ. ಯಾವ ತರಲೆ ಎಂದು ಅವಳು ಕೇಳಬೇಕಿತ್ತು. ಅಷ್ಟರಲ್ಲಿ ವಿಮಾನಕ್ಕೆ ಕರೆದರು.

ವಿಮಾನ ಮೋಡಗಳಲ್ಲಿ ಕುಲುಕಿದಾಗಲೆಲ್ಲ ಸೊಸೆ ಮಗುವನ್ನು ಎದೆಗವಚಿಕೊಂಡು, ಬಾಯೊಳಗೇ ದೇವರ ಹೆಸರು ಹೇಳಿಕೊಂಡಳು. ತೋಳುಗಳು ಮರಗಟ್ಟಿದವು. ಪಕ್ಕದಲ್ಲಿ ಅತ್ತೆ ನಿದ್ದೆ ಹೋಗಿದ್ದರು.

ಇಳಿದ ಮೇಲೆ, ಸಾಮಾನು ಸುತ್ತುವ ಪಟ್ಟಿಯ ಮೇಲೆ ಚೀಲ ತಲೆಕೆಳಗಾಗಿ ಬಂತು. ಕೆಂಪು ಚೀಟಿ ಅಡಿಗೆ ಸಿಕ್ಕಿ ಮುದುರಿತ್ತು. ಸೊಸೆ ಮಗುವನ್ನು ಗಂಡನ ಕೈಗೆ ಕೊಟ್ಟು, ಅಲ್ಲೇ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಜಿಪ್ಪೆಳೆದಳು. ಟವೆಲುಗಳಿಲ್ಲ. ಮಗು ಕೂರುವ ಜಾಗದಲ್ಲಿ, ಮಗುವಿನ ಬೆಲ್ಟುಗಳನ್ನೇ ಬಿಗಿಸಿಕೊಂಡು, ದೊಡ್ಡದೊಂದು ಪ್ರೆಶರ್ ಕುಕ್ಕರ್ ಕೂತಿತ್ತು. ಅದರ ಹೊಟ್ಟೆಯೊಳಗೆ ಸ್ಟೀಲಿನ ಡಬ್ಬಗಳು. ಅದನ್ನೆತ್ತಿ ಪಕ್ಕಕ್ಕಿಟ್ಟು ಸೀಟನ್ನು ಮಗುಚಿದಳು. ತಲೆ ಬರುವ ಕಡೆ, ಬೆನ್ನಿನ ಪ್ಲಾಸ್ಟಿಕ್ಕು ಗೇಣುದ್ದ ಬಿರಿದಿತ್ತು. ಬೆರಳಿಂದ ಒತ್ತಿದರೆ ಬಿರುಕು ಬಾಯಿ ತೆರೆದು ಮುಚ್ಚಿತು.

ಅತ್ತೆ ಬಗ್ಗಿ, ಕುಕ್ಕರಿನ ಮುಚ್ಚಳ ತಿರುಗಿಸಿ, ಹಿಡಿ ಅಲ್ಲಾಡಿಸಿ ನೋಡಿದರು.

"ಸದ್ಯ, ಕುಕ್ಕರ್‌ಗೆ ಏನೂ ಆಗಿಲ್ಲ," ಅಂದರು.

ಸೊಸೆ ಸೀಟನ್ನು ಎತ್ತಿಕೊಂಡು ವಿಮಾನದವರ ದೂರಿನ ಕಟ್ಟೆಗೆ ನಡೆದಳು.

ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನು ತೆಗೆಯುವುದು ಅವಳ ಕೆಲಸ. ಬೆಳಗಿಂದ ಸಂಜೆಯ ತನಕ ನಲ್ಲಿ ಒಣಗಿದವರ, ಚರಂಡಿ ಉಕ್ಕಿದವರ ಬೈಗುಳ ಕೇಳಿ, ಮೆತ್ತಗೆ ಒಂದೇ ಪಾಠ ಒಪ್ಪಿಸುತ್ತಿದ್ದಳು. ಈಗ ಕಟ್ಟೆಯಾಚೆಯ ಹುಡುಗಿ ಅದೇ ಪಾಠವನ್ನು ಅದೇ ರಾಗದಲ್ಲಿ ಅವಳಿಗೆ ಒಪ್ಪಿಸಿದಳು: "ನಿಮಗಾದ ತೊಂದರೆ ನಮಗೆ ಅರ್ಥವಾಗುತ್ತೆ ಮೇಡಂ."

"ಅರ್ಥ ಆಗಿದ್ರೆ ಬೇರೆ ಸೀಟು ಕೊಡಿ. ಈಗ ನನ್ನ ಮಗು ರಸ್ತೇಲಿ ಹೋಗ್ಬೇಕು."

"ನಮ್ಮಲ್ಲಿ ಸೀಟು ಇರಲ್ಲ ಮೇಡಂ. ಚೀಲದೊಳಗೆ ಸೀಟಲ್ಲದೆ ಬೇರೇನಾದರೂ ಭಾರದ್ದು ಇತ್ತಾ?"

ಹಿಂದಿನಿಂದ ಅತ್ತೆ ಸೆರಗು ಜಗ್ಗಿದರು. ಸೊಸೆ ಸುಳ್ಳು ಹೇಳುವವಳಲ್ಲ.

"ಕುಕ್ಕರ್ ಇತ್ತು."

"ಹಾಗಾದರೆ ನಮ್ಮ ಜವಾಬ್ದಾರಿ ಬರಲ್ಲ ಮೇಡಂ."

"ತಲೆಕೆಳಗು ಎಸೆದದ್ದು ಕುಕ್ಕರಾ? 'ನಾಜೂಕು' ಅಂತ ಅಂಟಿಸ್ಕೊಂಡು ಎಸೆದದ್ದು ಯಾರು?"

ಹುಡುಗಿ ನಗುಮುಖ ಬದಲಿಸಲಿಲ್ಲ. ಆ ನಗುವಿನ ಮೇಲೆ ಕೂಗಿ ಫಲವಿಲ್ಲವೆಂದು ಸೊಸೆಗಿಂತ ಚೆನ್ನಾಗಿ ಬಲ್ಲವರು ಯಾರು?

"ಕುಕ್ಕರ್ ವಿಷಯ ಯಾಕೆ ಬಾಯಿಬಿಟ್ಟೆ?" ಹೊರಗೆ ಬರುತ್ತ ಅತ್ತೆ ಹಲ್ಲು ಕಡಿದರು. "ಸುಮ್ನೆ ಇದ್ದಿದ್ರೆ ಹೊಸ ಸೀಟೇ ಬರ್ತಿತ್ತು. ಹರಿಶ್ಚಂದ್ರನ ತುಂಡು!"

"ಸೀಟಲ್ಲಿ ಕುಕ್ಕರ್ ಇಟ್ಟವರು ಯಾರು ಅತ್ತೆ?"

"ಮಗಳ ಮನೆಗೆ ಬರಿಗೈಲಿ ಹೋಗೋಕಾಗುತ್ತಾ? ಜಾಗ ಖಾಲಿ ಇತ್ತು, ಇಟ್ಟೆ. ಅದಕ್ಕೇ ಅಂತ ಬೆಲ್ಟೂ ಕಟ್ಟಿದ್ದೆ, ಅಲ್ಲಾಡದೇ ಇರ್ಲಿ ಅಂತ."

"ನಿಮಗೂ ಗೊತ್ತಿತ್ತು," ಅಂದಳು ಅವಳು ಗಂಡನಿಗೆ. ಅವನು ಗುಬ್ಬಿಯ ಟೋಪಿ ಸರಿಮಾಡತೊಡಗಿದ.

ಹೊರಗೆ ಅತ್ತೆಯ ಅಳಿಯಂದಿರು, ನಾದಿನಿಯ ಗಂಡ, ಕಾರು ತಂದು ನಿಂತಿದ್ದರು. ಅತ್ತೆಯ ಮುಖ ಆ ಕ್ಷಣಕ್ಕೇ ಬೇರೆಯಾಯಿತು, ಬೆಣ್ಣೆ ಕರಗಿದಂತೆ. ಅಳಿಯಂದಿರನ್ನು ಕಾಯಿಸುವುದುಂಟೇ! ಸಾಮಾನೆಲ್ಲ ಡಿಕ್ಕಿಗೆ ಏರಿತು. ಕುಕ್ಕರು ಮುಂದಿನ ಸೀಟಿನ ಕಾಲಬಳಿ, ಕಣ್ಣಳತೆಯಲ್ಲಿ ಕೂತಿತು. ಸೊಸೆ ಮಗುವನ್ನು ತೋಳಿಗೇರಿಸಿಕೊಂಡು ಆಗಮನದ ಬಾಗಿಲ ಬಳಿಯ ಕಬ್ಬಿಣದ ಬೆಂಚಿನ ಮೇಲೆ ಕೂತಳು.

"ಹತ್ತು ತಾಯೀ," ಅಂದರು ಅತ್ತೆ.

"ನಾನು ಹತ್ತಲ್ಲ. ಗುಬ್ಬೀನೂ ಹತ್ತಲ್ಲ. ಹೊಸ ಸೀಟು ಬರ್ಲಿ."

"ಸಣ್ಣ ಬಿರುಕಿಗೆ ಇಷ್ಟು ರಾದ್ಧಾಂತವಾ? ಮೆಲ್ಲಗೆ ಹೋದ್ರಾಯ್ತು," ಗಂಡ ತಗ್ಗಿದ ದನಿಯಲ್ಲಿ ಹೇಳಿದ. "ಜನ ನೋಡ್ತಾರೆ."

"ನೋಡ್ಲಿ. ಕಣ್ಣಿರೋದು ಅದಕ್ಕೇ."

ಅಳಿಯಂದಿರು ಕೀಲಿ ಕುಣಿಸುತ್ತ ನಕ್ಕರು. "ಏನಮ್ಮಾ, ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲೆ ಇದೆ ಅಣ್ಣಾ. ಎದುರಿಗೆ ಬರೋ ಲಾರಿಯವನ ಪರಿಚಯ ನನಗಿಲ್ಲ."

ಅವರ ನಗು ಅರ್ಧಕ್ಕೆ ನಿಂತಿತು. ಆಮೇಲೆ ಮುಖ ಗಂಟಿಕ್ಕಿಕೊಂಡೇ, ಊರೊಳಗಿನ ಅಂಗಡಿಗೆ ಹೋಗಿ ಬರುತ್ತೇನೆಂದು ಒಬ್ಬರೇ ಕಾರು ತಿರುಗಿಸಿದರು. ಅವರು ಬರುವ ತನಕ ಉಳಿದವರು ಆ ಬೆಂಚಿನ ಮೇಲೆ ಒಣ ಬ್ರೆಡ್ಡು ತಿಂದು, ಕಾಗದದ ಲೋಟದ ಚಹಾ ಕುಡಿದು, ಒಬ್ಬರ ಮುಖ ಒಬ್ಬರು ನೋಡದೆ ಕೂತರು. ನಾದಿನಿ ಮನೆಯಿಂದ ಫೋನು ಮಾಡಿ "ಅಡುಗೆ ಆರಿ ತಣ್ಣಗಾಗ್ತಿದೆ, ಅಮ್ಮಾ, ಎಲ್ಲಿದೀರಾ?" ಎಂದಳು. "ನಿಮ್ಮತ್ತಿಗೆ ಧರಣಿ ಕೂತಿದಾಳೆ ಕಣೇ," ಅಂದರು ಅತ್ತೆ, ಪಕ್ಕದ ಬೆಂಚಿಗೂ ಕೇಳುವಂತೆ.

ಹೊಸ ಸೀಟು ಬಂತು. ಸೊಸೆ ತಾನೇ ಅದನ್ನು ಬಿಗಿದು, ಎರಡೂ ಕಡೆ ಹಿಡಿದು ಅಲ್ಲಾಡಿಸಿ ನೋಡಿ, ಮಗುವನ್ನು ಕೂರಿಸಿದಳು. ಘಾಟಿ ಇಳಿಯುವ ತನಕ ಯಾರೂ ಅವಳೊಡನೆ ಮಾತಾಡಲಿಲ್ಲ.

ಅಲ್ಲಿದ್ದ ವಾರವೆಲ್ಲ ಆ ಕುಕ್ಕರಿನದೇ ಆಳ್ವಿಕೆ. ಅದು ಕೂಗಿದಾಗಲೆಲ್ಲ ಅತ್ತೆ "ಎಂಥಾ ಗಟ್ಟಿ ಪಾತ್ರೆ ನೋಡು, ಆಕಾಶದಿಂದ ಬಿದ್ರೂ ಏನಾಗಿಲ್ಲ" ಎಂದು ಮಗಳಿಗೆ ಹೇಳುತ್ತಿದ್ದರು. ಸೊಸೆ ಅದರಲ್ಲಿ ಬೆಂದದ್ದನ್ನು ಉಂಡಳು, ಪಾತ್ರೆ ತೊಳೆದಳು. ಮರಳುವಾಗ ಮಾತ್ರ ಹೊಸ ಸೀಟನ್ನು ಬೆನ್ನಿಗೆ ಕಟ್ಟಿಕೊಂಡು, ಮಗುವನ್ನು ಎದೆಗೆ ಕಟ್ಟಿಕೊಂಡು, ಹಿಂದೆಯೂ ಭಾರ ಮುಂದೆಯೂ ಭಾರವಾಗಿ ವಿಮಾನದ ಬಾಗಿಲ ತನಕ ನಡೆದಳು. ಬಿರಿದ ಸೀಟು ಸಾಮಾನಿನ ಜೊತೆ ಬಂತು. ಬಿಟ್ಟು ಬರಲು ಅತ್ತೆ ಒಪ್ಪಿರಲಿಲ್ಲ: "ನಿಮ್ಮ ಮಾವ ಇರೋದ್ಯಾಕೆ?"

ಮಾವ ಅದನ್ನು ನೋಡಿದ್ದೇ ತಡ, ಕೆಲಸಕ್ಕೆ ಕೂತರು. ಮುಂದಿನ ದಿನಗಳಲ್ಲಿ ವರಾಂಡವೆಲ್ಲ ಅಂಟಿನ ವಾಸನೆ. ಬಿರುಕಿಗೆ ಅಂಟು ಇಳಿಸಿದರು, ಹಿಂದಿನಿಂದ ತಗಡಿನ ಪಟ್ಟಿ ಇಟ್ಟು ರಿವೆಟ್ಟು ಹೊಡೆದರು, ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿದರು, ಬಟ್ಟೆಯನ್ನು ಮತ್ತೆ ಎಳೆದು ಹೊದಿಸಿದರು. ಒಂದು ಭಾನುವಾರ ಚಹಾದ ಹೊತ್ತಿಗೆ ಅದನ್ನು ತಂದು ನಡುಮನೆಯಲ್ಲಿಟ್ಟು, ಅಂಗೈಯಿಂದ ಬೆನ್ನು ತಟ್ಟಿದರು.

"ಹುಡುಕಮ್ಮಾ, ಬಿರುಕು ಎಲ್ಲಿತ್ತು ಅಂತ."

ಅವಳಿಗೆ ನಿಜಕ್ಕೂ ಕಾಣಲಿಲ್ಲ. ಅಷ್ಟು ಚೆನ್ನಾಗಿತ್ತು ಕೆಲಸ. ಅದೇ ಅವಳಿಗೆ ಭಯ ತಂದಿತು.

"ಚೆನ್ನಾಗಿದೆ ಮಾವ. ಆದ್ರೆ ಮಗೂನ ಇದರಲ್ಲಿ ಕೂರಿಸಲ್ಲ."

ಮುದುಕರ ಕೈ ಸೀಟಿನ ಮೇಲೇ ಉಳಿಯಿತು. ಆ ರಾತ್ರಿ ಅವರು ಊಟಕ್ಕೆ ಹಸಿವಿಲ್ಲವೆಂದರು. "ಕಟ್ಕೊಂಡು ಬಂದವಳ ಬಾಯಿ ನೋಡಿ," ಎಂದು ಅತ್ತೆ ಗೋಡೆಗೆ ಹೇಳಿದರು. ಗಂಡ ಅವಳಿಗೆ, "ಅಪ್ಪನ ಮನಸ್ಸಿಗಾದ್ರೂ ಒಂದ್ಸಲ ಕೂರಿಸ್ಬಹುದಿತ್ತು," ಅಂದ.

"ಮಾವನ ಕೆಲಸಕ್ಕೆ ಬೇಕಾದ್ರೆ ಹಾರ ಹಾಕೋಣ ರೀ. ಅದರಲ್ಲಿ ಮಗೂನ ಹಾಕಕ್ಕಾಗಲ್ಲ," ಅಂದಳು.

ಸೀಟು ಕೆಲವು ದಿನ ಮೂಲೆಯಲ್ಲಿತ್ತು. ಆಮೇಲೆ ಕಾಣಲಿಲ್ಲ. ಮಾವ ಒಳಗಿಟ್ಟಿರಬೇಕೆಂದು ಸೊಸೆ ನೆಮ್ಮದಿಯಾಗಿದ್ದಳು.

ಒಂದು ಸಂಜೆ ಕೆಲಸದಿಂದ ಬರುವಾಗ, ಕಟ್ಟಡದ ಅಂಗಳದಲ್ಲಿ ಮೇಜು ಹಾಕಿಕೊಂಡಿದ್ದ ಇಸ್ತ್ರಿಯಮ್ಮ ಅವಳನ್ನು ಕೂಗಿ ನಿಲ್ಲಿಸಿದಳು. ಬಟ್ಟೆಯ ರಾಶಿ, ಬಿಸಿ ಹಬೆ, ಸುಟ್ಟ ನೂಲಿನ ವಾಸನೆ. ರಾಶಿಯ ಪಕ್ಕದಲ್ಲಿ ಇಸ್ತ್ರಿಯಮ್ಮನ ಸೊಸೆ, ಹರೆಯದ ಹೆಣ್ಣು, ಕಂಕುಳಲ್ಲಿ ಕೂಸನ್ನಿಟ್ಟುಕೊಂಡೇ ಅಂಗಿ ಮಡಚುತ್ತಿದ್ದಳು.

"ನಿಮ್ಮತ್ತೆ ದೇವರಂಥವರು ಕಣಮ್ಮಾ," ಅಂದಳು ಇಸ್ತ್ರಿಯಮ್ಮ. "ಕೇಳದೇನೇ ಸೀಟು ಕೊಟ್ರು. ನನ್ನ ಮಗ ತನ್ನ ಟ್ಯಾಕ್ಸೀಲಿ ಆಗ್ಲೇ ಕಟ್ಟಿಟ್ಟಿದಾನೆ. ಭಾನುವಾರ ಇವಳ ತವರಿಗೆ ಹೋಗ್ತಾರೆ. ಹೊಸದರ ಹಾಗೇ ಇದೆ!"

ಹೇಳಿದರೆ ಅತ್ತೆಯ ಮಾನ ಬೀದಿಗೆ ಬರುತ್ತದೆ, ಹೇಳದಿದ್ದರೆ ಭಾನುವಾರ ಬರುತ್ತದೆ. ಸೊಸೆ ಆ ಕೂಸಿನ ಕಡೆ ನೋಡಿದಳು. ಅದು ಇಸ್ತ್ರಿ ಮಾಡಿದ ಕಾಲರೊಂದನ್ನು ಚೀಪುತ್ತಿತ್ತು.

"ಇಸ್ತ್ರಿಯಮ್ಮಾ, ಅದು ಒಡೆದಿತ್ತು. ಒಳಗೆ ಅಂಟು ಹಾಕಿ ತಗಡು ಹೊಡೆದಿದಾರೆ. ಕಾರು ಎಲ್ಲಾದರೂ ಗುದ್ದಿದ್ರೆ ಅದು ತಡೆಯುತ್ತೆ ಅಂತ ಯಾರೂ ಹೇಳಕ್ಕಾಗಲ್ಲ. ನನಗೆ ವಾಪಸ್ ಕೊಟ್ಟುಬಿಡಿ."

ಇಸ್ತ್ರಿ ಪೆಟ್ಟಿಗೆ ನಿಂತಿತು. ಹರೆಯದವಳು ಮಡಚುತ್ತಿದ್ದ ಅಂಗಿಯನ್ನು ಕೆಳಗಿಟ್ಟಳು.

"ನಿಮ್ಮ ಮಗೂಗೆ ಆಗದೇ ಇದ್ದದ್ದು ನಮ್ಮ ಮಗೂಗೆ ಆಗುತ್ತೆ ಅಂತ ಕೊಟ್ರಾ?" ಅಂದಳು.

ತಾನು ಕೊಡಲಿಲ್ಲ ಎಂದು ಸೊಸೆ ಹೇಳಬಹುದಿತ್ತು. ಆದರೆ ಅವಳು ಬಂದದ್ದು ಆ ಮನೆಯಿಂದಲೇ, ಉಣ್ಣುವುದೂ ಆ ಮೇಜಿನಲ್ಲೇ.

"ಕೊಟ್ಟದ್ದು ತಪ್ಪು. ಅದಕ್ಕೇ ಕೇಳ್ತಿದೀನಿ," ಅಂದಳು.

ಹರೆಯದವಳು ಟ್ಯಾಕ್ಸಿಯ ಬಳಿಗೆ ಹೋಗಿ, ಬಾಗಿಲನ್ನು ಧಡಾರನೆ ತೆರೆದು, ಸೀಟನ್ನು ಬಿಚ್ಚಿ ತಂದು ಅವಳ ಕಾಲಬಳಿ ಇಟ್ಟಳು. ಕೈಗೆ ಕೊಡಲಿಲ್ಲ.

ಸೊಸೆ ಅದನ್ನು ಹೊತ್ತು ಮೆಟ್ಟಿಲೇರಿ ಊಟದ ಮೇಜಿನ ನಡುವೆ, ತಟ್ಟೆಗಳನ್ನು ಸರಿಸಿ, ಇಟ್ಟಳು. ಅತ್ತೆಯ ಕಣ್ಣು ದೊಡ್ಡದಾಯಿತು.

"ಅಯ್ಯೋ ನಿನ್ನ! ಕೊಟ್ಟಿದ್ದನ್ನ ಕಿತ್ಕೊಂಡು ಬಂದ್ಯಾ? ನಾಳೆ ಅವಳಿಗೆ ನಾನು ಹೆಂಗೆ ಮುಖ ತೋರಿಸ್ಲಿ?"

"ಒಡೆದದ್ದು ಅಂತ ಹೇಳಿ ಕೊಟ್ಟಿದ್ರಾ ಅತ್ತೆ?"

"ರಿಪೇರಿ ಆಗಿದ್ಯಲ್ಲ! ಏನೂ ಇಲ್ಲದವರಿಗೆ ಅಷ್ಟಾದ್ರೂ ಆಗ್ಲಿ ಅಂತ ಕೊಟ್ಟೆ. ಪುಣ್ಯದ ಕೆಲಸಕ್ಕೂ ಕಲ್ಲು ಹಾಕ್ತೀಯಲ್ಲ!"

"ಏನೂ ಇಲ್ಲದವರ ಮಗೂಗೆ ಎರಡು ತಲೆ ಇರುತ್ತಾ? ಒಂದು ಹೋದ್ರೆ ಇನ್ನೊಂದು ಅಂತ?" ಸೊಸೆಯ ದನಿ ಅವಳಿಗೇ ಅಪರಿಚಿತವಾಗುವಷ್ಟು ಏರಿತ್ತು. ಗುಬ್ಬಿ ಬೆದರಿ ಅಳತೊಡಗಿದಳು. ಗಂಡ ಮಗುವನ್ನೆತ್ತಿಕೊಂಡು, "ಮೆತ್ತಗೆ ಮಾತಾಡು, ಪಕ್ಕದವರು…" ಅಂದ.

"ನಿಮ್ಮ ಮೆತ್ತಗೆ ಸಾಕು ರೀ! ಅವತ್ತು ಕುಕ್ಕರ್ ಎತ್ತಿ ಹೆಗಲಿಗೆ ಹಾಕ್ಕೊಂಡಾಗ್ಲೂ ಮೆತ್ತಗಿದ್ರಿ. ಈ ಮನೇಲಿ ಎಲ್ಲರೂ ಮೆತ್ತಗೆ ಇದ್ದು ಇದ್ದು ಕೊನೆಗೆ ಇನ್ಯಾರದೋ ಕೂಸಿನ ತನಕ ಬಂತು!"

ಅವಳು ಮಾವನ ಕಡೆ ತಿರುಗಿದಳು. ದನಿ ತಾನಾಗಿ ಇಳಿಯಿತು.

"ಮಾವ, ನೀವು ಒಂದು ಮಾತು ಹೇಳಿ. ನಿಮ್ಮ ಕೆಲಸ ನಿಮಗೆ ಗೊತ್ತು. ಇದರಲ್ಲಿ ಗುಬ್ಬೀನ ಕೂರಿಸ್ಕೊಂಡು ಘಾಟೀಲಿ ಹೋಗು, ಏನೂ ಆಗಲ್ಲ ಅಂತ ನೀವು ಹೇಳಿದ್ರೆ ಈಗ್ಲೇ ಕೂರಿಸ್ತೀನಿ. ಇಸ್ತ್ರಿಯಮ್ಮನಿಗೂ ವಾಪಸ್ ಕೊಟ್ಟು, ಕಾಲಿಗೆ ಬಿದ್ದು ಬರ್ತೀನಿ."

ಮಾವ ಹತ್ತಿರ ಬಂದರು. ಬಟ್ಟೆಯ ಮೇಲಿಂದಲೇ ತಗಡಿನ ಪಟ್ಟಿಯನ್ನು ಹುಡುಕಿ, ರಿವೆಟ್ಟುಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ಅತ್ತೆ, "ಹೇಳ್ರೀ, ಹೇಳ್ಬಿಡಿ," ಅಂದರು. ಗುಬ್ಬಿ ಅಳು ನಿಲ್ಲಿಸಿ ಅಜ್ಜನಿಗೆ ಕೈ ಚಾಚಿದಳು.

"ಕುರ್ಚಿ ಆಗಿದ್ರೆ ಹೇಳ್ತಿದ್ದೆ," ಅಂದರು ಮಾವ.

ಅಷ್ಟೇ ಹೇಳಿ ಅವರು ಕೂತುಬಿಟ್ಟರು.

ಸೊಸೆ ಅಡುಗೆಮನೆಯಿಂದ ಕತ್ತರಿ ತಂದು, ಮೊದಲು ಭುಜದ ಬೆಲ್ಟಿಗೆ, ಆಮೇಲೆ ಸೊಂಟದ ಬೆಲ್ಟಿಗೆ ಹಾಕಿದಳು. ಪಟ್ಟಿ ದಪ್ಪ, ಎಳೆ ಎಳೆಯಾಗಿ ಬಿಡಿಸಬೇಕಾಯಿತು. ಕೈ ಕೆಂಪಾಗುವ ತನಕ ಕತ್ತರಿಸಿದಳು. ಯಾರೂ ತಡೆಯಲಿಲ್ಲ, ಯಾರೂ ಕೈಜೋಡಿಸಲೂ ಇಲ್ಲ. ಇನ್ನು ಯಾರೂ ಇದನ್ನು ಯಾವ ಮಗುವಿಗೂ ಪುಣ್ಯವೆಂದು ಕೊಡಲಾಗದು ಎಂದು ಖಾತ್ರಿಯಾದ ಮೇಲೆ ಕೆಳಗಿಳಿದು ಕಸದ ತೊಟ್ಟಿಗೆ ಹಾಕಿ ಬಂದಳು.

ಮರುದಿನ ಇಸ್ತ್ರಿಯ ಬಟ್ಟೆ ಮೇಲೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗಂಡ ಸುಕ್ಕಿನ ಅಂಗಿ ತೊಟ್ಟು ಅಂಗಡಿಗೆ ಹೋದ. "ನೀನೇ ಹೋಗಿ ತಗೊಂಡು ಬಾ," ಅಂದರು ಅತ್ತೆ. "ಆ ಸೀಟು ನಾನು ಕೊಟ್ಟದ್ದಲ್ಲ ಅತ್ತೆ," ಅಂದಳು ಸೊಸೆ, ಪಾತ್ರೆ ಉಜ್ಜುವುದನ್ನು ನಿಲ್ಲಿಸದೆ.

ಸ್ವಲ್ಪ ಹೊತ್ತಿಗೆ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು, ನಿಂತು ನಿಂತು. ಅಡುಗೆಮನೆಯ ಕಿಟಕಿ ಅಂಗಳಕ್ಕೇ ತೆರೆಯುತ್ತಿತ್ತು. ಸೊಸೆ ನಲ್ಲಿ ನಿಲ್ಲಿಸಿದಳು. ಕೆಳಗೆ ಅತ್ತೆ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದರು. ಇಸ್ತ್ರಿಯಮ್ಮ ತಲೆಯೆತ್ತದೆ ಅಂಗಿಯ ತೋಳು ಎಳೆಯುತ್ತಿದ್ದಳು.

"ತಪ್ಪಾಯ್ತು ಕಣಮ್ಮಾ," ಅಂದರು ಅತ್ತೆ. ಆ ಮಾತನ್ನು ಸೊಸೆ ಆ ಬಾಯಿಂದ ಕೇಳಿದ್ದು ಅದೇ ಮೊದಲು.

"ಯಾವುದಕ್ಕೆ ಅಮ್ಮಾ?" ಇಸ್ತ್ರಿಯಮ್ಮ ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ, ದಾರಿ ಕೇಳಿದಂತಿತ್ತು. "ಒಡೆದದ್ದು ಕೊಟ್ಟಿದ್ದಕ್ಕಾ, ಅದು ನಮಗೆ ಗೊತ್ತಾಗಿದ್ದಕ್ಕಾ?"

ಇಸ್ತ್ರಿಯಮ್ಮ ಆ ಅಂಗಿ ಮುಗಿಸಿ ಪಕ್ಕಕ್ಕಿಟ್ಟಳು, ರಾಶಿಯಿಂದ ಇನ್ನೊಂದನ್ನು ಎಳೆದುಕೊಂಡಳು, ನೀರು ಚಿಮುಕಿಸಿದಳು. ಅತ್ತೆ ನಿಂತೇ ಇದ್ದರು.